ಒಣಗಿಸುವ ಕೋಣೆಯ ಹೊಗೆ

ಮಾರ್ಚ್ 3, ಭಾನುವಾರ

ಏನೆಂದು ಕರೆದು ಈ ಕಾಗದ ಶುರು ಮಾಡಬೇಕೋ ತಿಳಿಯದೆ ಹಾಗೇ ಶುರು ಮಾಡುತ್ತಿದ್ದೇನೆ. ನೀನು ನನ್ನ ಸೊಸೆಯಾಗಿದ್ದಾಗ ಹೆಸರು ಹಿಡಿದು ಕೂಗುತ್ತಿದ್ದೆ. ನೀನೂ ನನ್ನ ಮಗನೂ ಬೇರೆಯಾಗಿ ಎರಡು ವರ್ಷವಾಯಿತು. ಹೆಸರೇನೂ ಬದಲಾಗಿಲ್ಲ, ಆದರೂ ಬರೆಯಲು ಹೋದರೆ ಕೈ ತಡೆಯುತ್ತದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡು ಮಾತಾಡುವಷ್ಟರಲ್ಲಿ ಜಗಳಕ್ಕೆ ನಿಲ್ಲುತ್ತೇವೆ. ಅದಕ್ಕೇ ಕಾಗದ ಬರೆದು, ಅಂಟಿಸಿ, ನನ್ನ ಮೊಮ್ಮಗಳು ಕಡ್ಡಿಯ ಚೀಲದಲ್ಲಿ ಇಟ್ಟು ಕಳಿಸುತ್ತಿದ್ದೇನೆ. ಅಂಟಿಸಿದ್ದು ಯಾಕೆಂದರೆ ಅವಳಿಗೀಗ ಓದಲು ಬರುತ್ತದೆ, ಅದರಲ್ಲೂ ಓದಬಾರದ್ದನ್ನೇ ಮೊದಲು ಓದುತ್ತಾಳೆ.

ವಿಷಯ ಇಷ್ಟೇ. ನಿನ್ನ ಮಗಳು ಭಾನುವಾರ ಬೆಳಿಗ್ಗೆ ಬಂದು ಸಂಜೆ ಹೋಗುವವರೆಗೆ ನನ್ನ ಮನೆಯಲ್ಲಿ ಖುಷಿಯಾಗಿಯೇ ಇರುತ್ತಾಳೆ, ಊಟದ ಹೊತ್ತೊಂದನ್ನು ಬಿಟ್ಟು. ಕೋಳಿ ಹುರಿದರೆ ಒಣಗಿದೆ ಎನ್ನುತ್ತಾಳೆ. ಆಲೂಗಡ್ಡೆ ಸುಟ್ಟರೆ ಇದು ಬರೀ ಆಲೂಗಡ್ಡೆ ಎನ್ನುತ್ತಾಳೆ. ಇವತ್ತು ಬಾಯಿಬಿಟ್ಟು ಹೇಳಿದಳು, “ಅಜ್ಜಿ, ಅಮ್ಮ ಮಾಡೋ ಸಾಸ್ ಇದ್ರೆ ಇದನ್ನ ತಿನ್ನಬಹುದು.” ಎಂಥ ಸಾಸ್ ಎಂದು ಕೇಳಿದೆ. “ಸಿಹಿ ಇರತ್ತೆ, ಹೊಗೆ ವಾಸನೆ ಇರತ್ತೆ, ಕೆಂಪೂ ಅಲ್ಲ ಕಪ್ಪೂ ಅಲ್ಲ, ಹಾಗಿರತ್ತೆ” ಎಂದಳು. ಬಾರ್ಬೆಕ್ಯೂ ಸಾಸ್ ಎಂದು ಬರೆದಿದ್ದ ಒಂದು ಬಾಟಲಿಯನ್ನು ಅಂಗಡಿಯಿಂದ ತಂದೆ. ಬೆರಳದ್ದಿ ನೋಡಿ, ಇದು ಕೆಮ್ಮಿನ ಔಷಧಿ ಎಂದಳು. ನಾನೂ ರುಚಿ ನೋಡಿದೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮಾಡುವ ಬಗೆ ಬರೆದು ಕಳಿಸು. ಅಳತೆ ಸರಿಯಾಗಿ ಬರೆ. ಸ್ವಲ್ಪ, ಒಂದಿಷ್ಟು, ಕಣ್ಣಂದಾಜು ಎಂದೆಲ್ಲ ಬರೆಯಬೇಡ. ನಾನು ಲಾಂಡ್ರಿ ನಡೆಸುವವಳು. ಸೋಡಾ ಒಂದು ಚಮಚ ಹೆಚ್ಚಾದರೆ ಗಿರಾಕಿಯ ಕಾಲರ್ ಬಣ್ಣ ಹೋಗುತ್ತದೆ.

ಕಡ್ಡಿಯ ಅಜ್ಜಿ


ಮಾರ್ಚ್ 9, ಶನಿವಾರ

ಅತ್ತೆ,

ಬೇರೆ ಏನೆಂದು ಕರೆಯಲಿ, ನಾಲಿಗೆಗೆ ಅದೇ ರೂಢಿಯಾಗಿದೆ.

ನಾನು ಅಳೆದು ಮಾಡಿದವಳಲ್ಲ. ನಿಮಗೋಸ್ಕರ ನಿನ್ನೆ ಒಮ್ಮೆ ಅಳೆದುಕೊಂಡು ಮಾಡಿದೆ. ಚೆನ್ನಾಗಿ ಹಣ್ಣಾದ ಟೊಮೆಟೊ ಒಂದು ಕಿಲೋ ಬೇಯಿಸಿ, ಸಿಪ್ಪೆ ತೆಗೆದು, ರುಬ್ಬಿ, ಜರಡಿಯಲ್ಲಿ ಸೋಸಿಕೊಳ್ಳಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಬಿಟ್ಟು, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ ಹಾಕಿ ಮೆತ್ತಗಾಗುವವರೆಗೆ ಬಾಡಿಸಿ. ಕೆಂಪಗೆ ಹುರಿಯಬೇಡಿ. ಆಮೇಲೆ ಟೊಮೆಟೊ, ಅರ್ಧ ಲೋಟ ವಿನೆಗರ್. ಅದು ಒಂದು ಕುದಿ ಬಂದ ಮೇಲೆ ಅರ್ಧ ಲೋಟ ಕಂದು ಸಕ್ಕರೆ, ಎರಡು ದೊಡ್ಡ ಚಮಚ ಕಾಕಂಬಿ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ), ಸಣ್ಣ ಚಮಚದಲ್ಲಿ ಒಂದೊಂದು ಸಾಸಿವೆ ಪುಡಿ ಮತ್ತು ಉಪ್ಪು, ಅರ್ಧ ಕಾಳುಮೆಣಸಿನ ಪುಡಿ. ಕೊನೆಗೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ ಎರಡು ಚಮಚ. ಸಣ್ಣ ಉರಿಯಲ್ಲಿ, ಸೌಟಿನ ಬೆನ್ನಿಗೆ ಅಂಟಿ ನಿಲ್ಲುವವರೆಗೆ ಕೈಯಾಡಿಸುತ್ತಾ ಇರಬೇಕು. ತಣ್ಣಗಾದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಸ್ವಲ್ಪ ಮೊದಲೇ ಇಳಿಸಿ.

ಹೊಗೆಯ ಮೆಣಸಿನಕಾಯಿ ಬೇಡವೆಂದರೆ ಬಿಡಬಹುದು. ನಿಮ್ಮ ಮನೆಯಲ್ಲಿ ಹೊಗೆಗೆ ಜಾಗವಿಲ್ಲ ಎನ್ನುವುದು ನನಗೆ ಗೊತ್ತಿದೆ.

ಇನ್ನೊಂದು ವಿಷಯ. ನನಗೆ ಬೇರೆ ಊರಿನಲ್ಲಿ, ಕಟ್ಟುವ ಹಲ್ಲು ಮಾಡುವ ದೊಡ್ಡ ಲ್ಯಾಬ್ ಒಂದರಲ್ಲಿ ಕೆಲಸ ಸಿಕ್ಕಿದೆ. ಇಲ್ಲಿದ್ದರೆ ಕೊನೆಯವರೆಗೂ ಬೇರೆಯವರು ಮಾಡಿದ ಹಲ್ಲಿನ ಸೆಟ್‌ಗಳನ್ನು ತಿಕ್ಕಿ ಹೊಳಪು ಮಾಡಿಕೊಂಡಿರಬೇಕು. ಅಲ್ಲಿ ಅಚ್ಚು ತೆಗೆಯುವುದರಿಂದ ಹಿಡಿದು ಎಲ್ಲವೂ ನನ್ನ ಕೈಕೆಳಗೆ. ಶಾಲೆ ಮುಗಿದ ಮೇಲೆ, ಜೂನ್ ಮೊದಲ ವಾರ ಹೊರಡುತ್ತೇವೆ. ರೈಲಿನಲ್ಲಿ ಒಂದು ಹಗಲು ಪೂರ್ತಿ ಹಿಡಿಯುತ್ತದೆ. ಹಾಗಾಗಿ ಭಾನುವಾರಗಳು ಮೇ ತಿಂಗಳವರೆಗೆ ಮಾತ್ರ. ಕಡ್ಡಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಕಡ್ಡಿಯ ಅಮ್ಮ


ಮಾರ್ಚ್ 17, ಭಾನುವಾರ

ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ.

ಸಾಸ್ ಮಾಡಿದೆ. ಮೊದಲ ಪಾತ್ರೆ ತಳ ಹಿಡಿಯಿತು. ಸಕ್ಕರೆ ಯಾವಾಗ ಹಾಕಬೇಕೆಂದು ನೀನು ಬರೆದಿದ್ದೆ, ನಾನೇ ನನ್ನ ಬುದ್ಧಿ ಓಡಿಸಿ, ಮೊದಲೇ ಕರಗಿಸಿಕೊಂಡರೆ ಬೇಗ ಆಗುತ್ತದೆಂದು ಈರುಳ್ಳಿಯ ಜೊತೆಗೇ ಸುರಿದೆ. ಪಾತ್ರೆ ತಿಕ್ಕಲು ಬಟ್ಟೆಯ ಸೋಡಾ ಬೇಕಾಯಿತು. ಎರಡನೆಯ ಸಲ ನೀನು ಹೇಳಿದ ಹಾಗೇ ಮಾಡಿದೆ. ಬಣ್ಣ ಬಂತು, ಹದ ಬಂತು. ಕಡ್ಡಿ ತಿಂದು, ಚೆನ್ನಾಗಿದೆ ಎಂದಳು. ಆ ಚೆನ್ನಾಗಿದೆ ನನಗೆ ಗೊತ್ತು. ಡಾಕ್ಟರ ಹತ್ತಿರ ಹೋದಾಗ ನೋಯುತ್ತಿಲ್ಲ ಎನ್ನುತ್ತಾಳಲ್ಲ, ಅದೇ ದನಿ. ಒತ್ತಾಯ ಮಾಡಿ ಕೇಳಿದ ಮೇಲೆ, “ಇದು ಜಾಮ್ ಥರ ಇದೆ ಅಜ್ಜಿ. ಹೊಗೆ ಎಲ್ಲಿ?” ಎಂದಳು.

ಹೊಗೆಯ ಮೆಣಸಿನಕಾಯಿ ಪುಡಿ ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ದೊಡ್ಡ ಅಂಗಡಿಯ ಹುಡುಗಿ ನನ್ನ ಮುಖ ನೋಡಿ, ಹೊಗೆ ಇಲ್ಲದ್ದನ್ನು ಕೊಡಲೇ ಎಂದಳು. ನೀನು ಎಲ್ಲಿಂದ ತರುತ್ತೀಯ? ಕೊಂಡದ್ದೋ, ನೀನೇ ಮಾಡುವುದೋ? ಮಾಡುವುದಾದರೆ ಹೇಗೆಂದು ಬರೆ.

ಕೆಲಸದ ವಿಷಯ ಒಳ್ಳೆಯದಾಯಿತು. ನಿನ್ನ ಕೈ ಚೆನ್ನಾಗಿದೆ. ನನ್ನ ಕೆಳಗಿನ ಸೆಟ್ ನೀನು ಸರಿಮಾಡಿ ಕೊಟ್ಟಾಗಿನಿಂದ ಒಂದು ದಿನವೂ ವಸಡು ಒತ್ತಿಲ್ಲ. ಜೂನ್ ಎಂದರೆ ಇನ್ನೂ ಬಹಳ ದಿನವಿದೆ ಬಿಡು.

ಕಡ್ಡಿಯ ಅಜ್ಜಿ


ಮಾರ್ಚ್ 23, ಶನಿವಾರ

ಅತ್ತೆ,

ನಾನೇ ಮಾಡುವುದು. ಬಾಲ್ಕನಿಯಲ್ಲಿ ಹಳೆಯ ಕಬ್ಬಿಣದ ಬಾಣಲೆ ಇಟ್ಟು, ಅದರಲ್ಲಿ ಕೆಂಡ ಮಾಡಿ, ಮೇಲೆ ನೆನೆಸಿದ ಮರದ ಚಕ್ಕೆ ಹರಡುತ್ತೇನೆ. ಉರಿಯಬಾರದು, ಕನಲುತ್ತಾ ಇರಬೇಕು. ಮರ ಹಣ್ಣಿನ ಮರದ್ದಾಗಿರಲಿ, ಬಣ್ಣ ಬಳಿದದ್ದೋ ಅಂಟು ಹಚ್ಚಿದ್ದೋ ಬೇಡವೇ ಬೇಡ. ಅದರ ಮೇಲೆ ತಂತಿಯ ಬಲೆ, ಬಲೆಯ ಮೇಲೆ ಒಣ ಮೆಣಸಿನಕಾಯಿ, ಎಲ್ಲದರ ಮೇಲೆ ದೊಡ್ಡ ಮುಚ್ಚಳ. ಅರ್ಧ ಸೀಳಿದ ಟೊಮೆಟೊವನ್ನೂ ಹೀಗೇ ಹೊಗೆಗೆ ಇಟ್ಟು ಸಾಸಿಗೆ ಹಾಕಿದರೆ ಇನ್ನೂ ಚೆಂದ. ಹೊಗೆ ಬೆಳ್ಳಗೆ ದಟ್ಟವಾಗಿ ಬಂದರೆ ಕಹಿಯಾಗುತ್ತದೆ. ತೆಳ್ಳಗೆ, ಬಿಟ್ಟೂ ಬಿಡದ ಹಾಗೆ ಬರಬೇಕು. ಅವಸರ ಮಾಡಬೇಡಿ. ಮತ್ತು ಮುಖ್ಯವಾಗಿ, ಇದನ್ನು ನಿಮ್ಮ ಲಾಂಡ್ರಿಯ ಹತ್ತಿರ ಎಲ್ಲೂ ಮಾಡಬೇಡಿ. ಯಾಕೆಂದು ನಾನು ನಿಮಗೆ ಹೇಳಬೇಕಾಗಿಲ್ಲ.

ನಾನು ಆ ಮನೆಗೆ ಬಂದ ಮೊದಲ ವರ್ಷ ಹಿಂದಿನ ಬಾಲ್ಕನಿಯಲ್ಲಿ ಇದನ್ನೇ ಹಚ್ಚಿದ್ದೆ. ನೀವು ಕೆಳಗಿನಿಂದ ಬಕೆಟ್ ನೀರು ತಂದು ನನ್ನ ಕೆಂಡದ ಮೇಲೆ ಸುರಿದಿರಿ, ಒಂದು ಮಾತೂ ಆಡಲಿಲ್ಲ. ನನ್ನ ಸೀರೆಗೆಲ್ಲ ಬೂದಿನೀರು ಹಾರಿತು. ಅದನ್ನು ನಾನು ಎಂದೋ ಮರೆತಿದ್ದೇನೆ ಎಂದುಕೊಂಡಿದ್ದೆ, ಬರೆಯಲು ಕುಳಿತಾಗ ಬಂತು. ನನಗೆ ಸಿಟ್ಟು ಬಂದದ್ದು ನೀರಿಗಲ್ಲ. ನಿಮ್ಮ ಮಗ ಬಾಗಿಲಲ್ಲೇ ನಿಂತಿದ್ದರು. ನನ್ನನ್ನೂ ನೋಡಿದರು, ನಿಮ್ಮನ್ನೂ ನೋಡಿದರು, ಒಳಗೆ ಹೋಗಿ ಟಿವಿ ಹಾಕಿದರು.

ಜೂನ್‌ಗೆ ಬಹಳ ದಿನವಿಲ್ಲ ಅತ್ತೆ. ಮನೆಯ ಸಾಮಾನು ಕಟ್ಟಲು ಶುರು ಮಾಡಿದ್ದೇನೆ.

ಕಡ್ಡಿಯ ಅಮ್ಮ


ಮಾರ್ಚ್ 31, ಭಾನುವಾರ

ಈ ಕಾಗದ ಓದಿ ನೀನು ನಗುತ್ತೀಯ, ನಗು. ಇಡೀ ಬೀದಿ ನಕ್ಕಾಯಿತು.

ಹೋದ ಭಾನುವಾರ ಕಡ್ಡಿಯೂ ನಾನೂ ಹೊಗೆ ಹಾಕಿದೆವು. ಬಡಗಿಯ ಹತ್ತಿರ ಸೇಬಿನ ಮರದ ಚಕ್ಕೆ ಸಿಕ್ಕಿತು. ಎಲ್ಲಿ ಹಾಕುವುದು ಎನ್ನುವುದೇ ಪ್ರಶ್ನೆ. ಬಾಲ್ಕನಿಯಲ್ಲಿ ಹಾಕಿದರೆ ಹೊಗೆ ಎಲ್ಲ ಕಡೆ ಹೋಗುತ್ತದೆ. ನೀನು ಬೇಡವೆಂದು ಬರೆದದ್ದು ನೆನಪಿತ್ತು, ಆದರೆ ನಾನು ಯೋಚನೆ ಮಾಡಿದೆ. ಹೊಗೆ ಎಲ್ಲೂ ಹೋಗದಂಥ ಜಾಗ ಈ ಮನೆಯಲ್ಲಿ ಒಂದೇ ಇದೆ, ಅದು ಕೆಳಗಿನ ಒಣಗಿಸುವ ಕೋಣೆ. ಅದರ ಬಾಗಿಲು ಎಷ್ಟು ಬಿಗಿ ಎಂದರೆ ಒಳಗಿನ ಬಿಸಿಗಾಳಿ ಒಂದು ಎಳೆಯೂ ಆಚೆ ಬರುವುದಿಲ್ಲ. ಭಾನುವಾರ ಲಾಂಡ್ರಿಗೆ ರಜೆ, ಒಳಗೆ ಒಂದು ಕರವಸ್ತ್ರವೂ ಇರಲಿಲ್ಲ. ಬಾಣಲೆ ಒಳಗಿಟ್ಟು, ಬಾಗಿಲು ಹಾಕಿ, ನಾವಿಬ್ಬರೂ ಹೊರಗೆ ಸ್ಟೂಲ್ ಹಾಕಿಕೊಂಡು ಕಾವಲು ಕುಳಿತೆವು. ಸಂಜೆ ಕಿಟಕಿ ಬಾಗಿಲು ತೆರೆದು ಗಾಳಿಗೆ ಬಿಟ್ಟೆ, ನೆಲ ಒರೆಸಿದೆ, ಮೂಸಿ ನೋಡಿದೆ, ಏನೂ ಇರಲಿಲ್ಲ. ಇಡೀ ದಿನ ಹೊಗೆಯಲ್ಲಿದ್ದ ಮೂಗಿಗೆ ಏನು ತಿಳಿಯುತ್ತದೆ ಹೇಳು.

ಸೋಮವಾರದ ಮೊದಲ ಬಟ್ಟೆ ಕ್ಲಿನಿಕ್‌ನ ಬಿಳಿ ಕೋಟುಗಳು. ಮಂಗಳವಾರ ಅಲ್ಲಿಯ ನರ್ಸ್ ಬಂದು ನಿಂತಳು. “ಡಾಕ್ಟ್ರ ಕೋಟಿಂದ ಸುಟ್ಟ ಮಾಂಸದ ವಾಸನೆ ಬರ್ತಿದೆ ಅಮ್ಮ. ಅವರು ಮೂಳೆ ಡಾಕ್ಟ್ರು. ರೋಗಿಗಳು ಒಂಥರಾ ನೋಡ್ತಿದಾರೆ” ಎಂದಳು. ನಮ್ಮ ಇಸ್ತ್ರಿಯಾತ ಮೇಜಿನ ಹಿಂದೆ ಹೋಗಿ ಬಗ್ಗಿಕೊಂಡ. ನಗುತ್ತಿದ್ದ ಎಂದು ನನಗೆ ಗೊತ್ತು.

ಆಮೇಲೆ ತಿಳಿಯಿತು. ಬಾಗಿಲು ಬಿಗಿಯಾಗಿ ಕೂರಲೆಂದು ಸುತ್ತ ಉಣ್ಣೆಯ ಪಟ್ಟಿ ಹೊಡೆಸಿದ್ದೇನಲ್ಲ, ಅದು ಹೊಗೆಯನ್ನೆಲ್ಲ ಕುಡಿದು ಕುಳಿತಿತ್ತು. ಮಾರನೆಯ ದಿನ ಬಿಸಿಗಾಳಿ ಬಿಟ್ಟ ಕೂಡಲೇ ಕೋಟಿನ ಮೇಲೆ ಉಗುಳಿತು. ಬಟ್ಟೆ ವಾಸನೆ ಹಿಡಿಯುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವಳು, ಬಾಗಿಲಿಗೆ ಹೊಡೆದದ್ದೂ ಬಟ್ಟೆಯೇ ಎನ್ನುವುದನ್ನು ಮರೆತೆ. ಸಾಸಿಗೆಂದು ತಂದಿದ್ದ ವಿನೆಗರನ್ನೆಲ್ಲ ಕೋಟುಗಳ ನೀರಿಗೆ ಸುರಿದು ಮತ್ತೆ ಒಗೆದೆವು. ಪಟ್ಟಿ ಕಿತ್ತು ಹೊಸದು ಹೊಡೆಸಿದೆ.

ಬಕೆಟ್ ನೀರಿನ ವಿಷಯಕ್ಕೆ ಬರುತ್ತೇನೆ. ಸುರಿದೆ, ಹೌದು. ಇವತ್ತಾದರೂ ಸುರಿಯುತ್ತೇನೆ. ಕೆಳಗೆ ಅಂಗಳದಲ್ಲಿ ಒಂದು ಮದುವೆ ಮನೆಯವರ ಬಟ್ಟೆಯೆಲ್ಲ ಒಣಗುತ್ತಿತ್ತು. ಒಂದು ಮಾತು ಹೇಳಿ ಸುರಿಯಬಹುದಿತ್ತು, ಅದು ಸರಿ. ಆದರೆ ನನ್ನ ಮಗ ಸುಮ್ಮನೆ ಒಳಗೆ ಹೋದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ನನ್ನ ಕಡೆಗಿದ್ದಾನೆ ಎಂದು ತಿಳಿದಿದ್ದೆ. ಈಗ ನೋಡಿದರೆ ಅವನು ಯಾರ ಕಡೆಗೂ ಇರಲಿಲ್ಲ.

ಮೆಣಸಿನಕಾಯಿ ಮಾತ್ರ ಬಹಳ ಚೆನ್ನಾಗಿ ಬಂತು. ಇವತ್ತು ಮಾಡಿದ ಸಾಸಿನ ಒಂದು ಬಾಟಲಿ ಕಡ್ಡಿಯ ಚೀಲದಲ್ಲಿದೆ. ಮುಚ್ಚಳಕ್ಕೆ ದಾರ ಸುತ್ತಿದ್ದೇನೆ, ನೆಟ್ಟಗೆ ಹಿಡಿದು ತೆಗೆ. ಅವಳ ತಟ್ಟೆಯಲ್ಲಿ ಏನಿದ್ದರೂ ಅರ್ಧ ಪಕ್ಕಕ್ಕಿಟ್ಟು “ಇದು ಅಮ್ಮನಿಗೆ” ಎನ್ನುತ್ತಾಳೆ. ಪ್ರತಿ ವಾರವೂ ಹಾಗೇ. ಅದಕ್ಕೇ ಈ ಸಲ ಬಾಟಲಿಯನ್ನೇ ಕೊಟ್ಟೆ.

ಅಜ್ಜಿ


ಏಪ್ರಿಲ್ 13, ಶನಿವಾರ

ಅತ್ತೆ,

ಇದನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಕಡ್ಡಿ ಬರುವುದಿಲ್ಲ.

ಸಾಸ್ ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು. ಕೋಟಿನ ಕತೆ ಓದಿ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದೆ, ನಗುತ್ತಾ ನಗುತ್ತಾ ಒಬ್ಬಳ ಕೈಯಿಂದ ಅಚ್ಚು ಬಿದ್ದುಹೋಯಿತು. ನಿಮ್ಮ ಮೇಲೆ ಪ್ರೀತಿ ಬಂತು ಎಂದರೆ ನಂಬುತ್ತೀರೋ ಇಲ್ಲವೋ. ಮುಂದಿನ ಕಾಗದದಲ್ಲಿ ಅದನ್ನು ಬರೆಯಬೇಕೆಂದಿದ್ದೆ.

ಅಷ್ಟರಲ್ಲಿ ಗುರುವಾರ ನಿಮ್ಮ ಮಗನ ಫೋನ್ ಬಂತು. ಅವರು ಕೆಲಸ ಮಾಡುವ ಹಡಗು ಯಾವುದೋ ಬಂದರಿನಲ್ಲಿ ನಿಂತಿದೆಯಂತೆ. ನಾನು ಊರು ಬಿಡುವ ವಿಷಯವನ್ನು ಅವರಿಗೆ ತಿಳಿಸಿದ್ದೆ, ತಿಳಿಸಲೇಬೇಕಿತ್ತು. ಮಗುವನ್ನು ಬೇರೆ ಊರಿಗೆ ಕರೆದೊಯ್ಯಬೇಕಾದರೆ ಇಬ್ಬರೂ ಒಪ್ಪಬೇಕೆಂದು ಬೇರೆಯಾಗುವಾಗಲೇ ಮಾತಾಗಿದೆ. ಅವರು ಹೇಳಿದ್ದು ಇಷ್ಟು: “ನೀನು ಹೋಗು, ಬೇಡ ಅನ್ನಲ್ಲ. ಮಗು ಅಮ್ಮನ ಮನೇಲಿರಲಿ. ನಂಗೆ ವರ್ಷಕ್ಕೊಂದ್ಸಲ ರಜ ಸಿಗೋದು, ಅದರಲ್ಲಿ ಮಗಳನ್ನ ನೋಡೋಕೆ ಊರೂರು ಅಲೀಲಾ? ಅಮ್ಮಂಗೂ ಹೇಳಿದೀನಿ, ಒಪ್ಪಿದಾರೆ.”

ಒಪ್ಪಿದಾರೆ ಎಂದರು.

ಅಂದಿನಿಂದ ನಾನು ನಿಮ್ಮ ಕಾಗದಗಳನ್ನು ತೆಗೆದು ತೆಗೆದು ಓದುತ್ತಿದ್ದೇನೆ. ಸಾಸ್ ಹೇಗೆ ಮಾಡುವುದು, ಹೊಗೆ ಹೇಗೆ ಹಾಕುವುದು, ಅವಳಿಗೆ ಏನು ಸೇರುತ್ತದೆ. ಮಗು ನಿಮ್ಮಲ್ಲೇ ಉಳಿಯುವುದಾದರೆ ನಿಮಗೆ ಇದೆಲ್ಲ ಬೇಕಾಗುತ್ತದೆ, ನನ್ನ ಕೈಯಿಂದಲೇ ನನ್ನ ಅಡುಗೆ ಬರೆಸಿಕೊಂಡಿರಿ. ಹೀಗೆ ಯೋಚಿಸಲು ನನಗೆ ನಾಚಿಕೆಯಾಗುತ್ತದೆ. ಆದರೆ ಯೋಚನೆ ಬಂದಿದೆ, ಬರಲಿಲ್ಲ ಎನ್ನಲಾರೆ. ಭಾನುವಾರ ಬೆಳಿಗ್ಗೆ ನಿಮ್ಮ ಬಾಗಿಲಲ್ಲಿ ಅವಳನ್ನು ಬಿಟ್ಟರೆ ಸಂಜೆ ವಾಪಸ್ ಸಿಗುತ್ತಾಳೋ ಇಲ್ಲವೋ ಎನ್ನುವ ಹೆದರಿಕೆ ನನ್ನನ್ನು ಹಿಡಿದಿದೆ. ಈ ಹೆದರಿಕೆ ಇಟ್ಟುಕೊಂಡು ಕಳಿಸಲಾರೆ.

ಅವರು ಹೇಳಿದ್ದು ನಿಜವೇ? ಸುತ್ತಿ ಬಳಸಿ ಬರೆಯಬೇಡಿ.

ಕಡ್ಡಿಯ ಅಮ್ಮ


ಏಪ್ರಿಲ್ 24, ಬುಧವಾರ

ನಿನ್ನ ಕಾಗದಕ್ಕೆ ಅಂದೇ ಉತ್ತರ ಬರೆಯಬಹುದಿತ್ತು. ಬರೆಯಲಿಲ್ಲ. ಅವನ ಹಡಗು ಮತ್ತೆ ಫೋನು ಸಿಗುವ ಜಾಗಕ್ಕೆ ಬರುವವರೆಗೆ ಕಾಯಬೇಕಿತ್ತು. ಅವನೊಡನೆ ಮಾತಾಡದೆ ನಿನಗೆ ಏನು ಬರೆದರೂ ಅದು ಬರೀ ಬಾಯಿಮಾತಾಗುತ್ತಿತ್ತು.

ಅವನು ನನ್ನನ್ನು ಕೇಳಿದ್ದು ನಿಜ. ನಾನು ಒಪ್ಪಿದೆ ಎನ್ನಲಿಲ್ಲ, ಯೋಚನೆ ಮಾಡುತ್ತೇನೆ ಎಂದೆ. ಅವನು ಅದನ್ನೇ ಒಪ್ಪಿಗೆ ಎಂದುಕೊಂಡ. ಸುಮ್ಮನಿದ್ದವರೆಲ್ಲ ತನ್ನ ಪಕ್ಷ ಎಂದುಕೊಳ್ಳುವುದು ಅವನಿಗೆ ನನ್ನಿಂದಲೇ ಬಂದ ಗುಣವಿರಬೇಕು.

ಯೋಚನೆ ಮಾಡಿದ್ದೂ ನಿಜ. ಸುತ್ತಿ ಬಳಸಬೇಡಿ ಎಂದಿದ್ದೀಯ, ಬಳಸುವುದಿಲ್ಲ. ಅವಳು ಇಲ್ಲಿರಲಿ ಎಂದು ನನಗೆ ಬಹಳ ಆಸೆಯಾಯಿತು. ಮೇಲಿನ ಕೋಣೆಯ ಬಟ್ಟೆಗಂಟುಗಳನ್ನು ಆಚೆ ಹಾಕಿಸಿ, ಮಂಚ ಕಿಟಕಿಯ ಕಡೆಗೆ ಹಾಕಬೇಕು ಎನ್ನುವವರೆಗೆ ಹೋದೆ. ಶಾಲೆ ಹತ್ತಿರ, ನೀನು ಸೈಕಲ್ಲಿನಲ್ಲಿ ಬಿಟ್ಟು ಬರಬಹುದು ಎಂದು ಇಸ್ತ್ರಿಯಾತನಿಗೂ ಹೇಳಿದೆ. ಅವನು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನನ್ನನ್ನೇ ನೋಡಿದ. “ಇಲ್ಲೇ ಇರ್ತಾಳಾ? ಹಂಗಾದ್ರೆ ತಟ್ಟೇಲಿ ಅರ್ಧ ಎತ್ತಿಡ್ತಾಳಲ್ಲಮ್ಮ, ಅದನ್ನ ಯಾರಿಗೆ ಕೊಡೋದು?” ಎಂದ. ಅವನು ತಮಾಷೆಗೆ ಹೇಳಿದನೋ ನಿಜಕ್ಕೂ ಕೇಳಿದನೋ ಗೊತ್ತಿಲ್ಲ. ಮಂಚ ಎಲ್ಲಿತ್ತೋ ಅಲ್ಲೇ ಬಿಟ್ಟೆ.

ನಿನ್ನೆ ಮಗ ಫೋನಿಗೆ ಸಿಕ್ಕಿದ. ಮಗು ತಾಯಿಯ ಜೊತೆ ಹೋಗುತ್ತದೆ, ನನ್ನ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದೆ. ನೀನು ಒಪ್ಪದೆ ತಕರಾರು ಮಾಡಿದರೆ ಮಗುವನ್ನು ಎಲ್ಲಿಡುತ್ತೀಯ, ಹಡಗಿನಲ್ಲೋ ಎಂದೂ ಕೇಳಿದೆ. ಅದಕ್ಕೆ ಅವನು, “ಅವಳು ಹೋದ್ರೆ ಕಳ್ಕೊಳ್ಳೋದು ನೀನೇ ಅಮ್ಮ” ಎಂದ. “ಹೌದು, ನಾನೇ” ಎಂದೆ. ಫೋನ್ ಇಟ್ಟ. ಇನ್ನು ಅವನು ನಿನಗೆ ಅಡ್ಡ ಬರುವುದಿಲ್ಲ. ನನ್ನೊಡನೆ ಮಾತು ಬಿಟ್ಟಿದ್ದಾನೆ.

ನೀನು ಹಾಗೆ ಯೋಚಿಸಿದ್ದಕ್ಕೆ ನನಗೆ ನೋವಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿನ್ನ ಜಾಗದಲ್ಲಿದ್ದರೆ ನಾನು ಕಾಗದವನ್ನೂ ಬರೆಯುತ್ತಿರಲಿಲ್ಲ, ಬಾಗಿಲಿಗೆ ಬೀಗ ಹಾಕಿಕೊಳ್ಳುತ್ತಿದ್ದೆ.

ಸಾಸ್ ಕಲಿತದ್ದು ಅವಳು ಭಾನುವಾರ ನನ್ನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣಲಿ ಎಂದು. ಮುಂದಿನ ಭಾನುವಾರವೂ ಬರಲಿ ಎಂದು. ಅದಕ್ಕಿಂತ ದೊಡ್ಡ ಲೆಕ್ಕಾಚಾರ ನನ್ನ ತಲೆಗೆ ಬರುವುದಿಲ್ಲ. ಈಗ ಕೇಳುವುದನ್ನು ನೇರವಾಗಿ ಕೇಳುತ್ತೇನೆ. ದೊಡ್ಡ ರಜೆಯಲ್ಲಿ ಒಂದು ವಾರ ಅವಳನ್ನು ನನ್ನಲ್ಲಿಗೆ ಕಳಿಸು. ಕೇಳಲು ನನಗೆ ಹಕ್ಕೇನೂ ಇಲ್ಲ. ಆಗದು ಎಂದರೆ ಆಗದು ಎಂದೇ ಬರೆ.

ಅಜ್ಜಿ


ಮೇ 4, ಶನಿವಾರ

ಅತ್ತೆ,

ನಾಳೆ ಕಡ್ಡಿ ಬರುತ್ತಾಳೆ. ಮೂರು ವಾರದಿಂದ ನನ್ನ ಮೇಲೆ ಹಲ್ಲು ಕಡಿಯುತ್ತಿದ್ದಾಳೆ. ಊರು ಬಿಡುವ ವಿಷಯ ಅವಳಿಗೆ ಹೇಳಿದೆ. ಅತ್ತಳು, ಆಮೇಲೆ ಹೊಸ ಮನೆಯಲ್ಲಿ ಬಾಲ್ಕನಿ ಇದೆಯೇ ಎಂದು ಕೇಳಿದಳು. ಇದೆ ಎಂದೆ.

ನಿಮ್ಮ ಮಗ ಫೋನ್ ಮಾಡಿದ್ದರು. “ಕರ್ಕೊಂಡು ಹೋಗು” ಎಂದರು, ಅಷ್ಟೇ.

ರಜೆಯ ವಿಷಯ ಈಗಲೇ ಮಾತು ಕೊಡಲಾರೆ. ಹೆದರಿಕೆ ಕಾಗದ ಓದಿದ ಕೂಡಲೇ ಹೋಗುವಂಥದ್ದಲ್ಲ. ಸಿಟ್ಟು ಮಾಡಿಕೊಳ್ಳಬೇಡಿ. ನೀವು ಅವರಿಗೆ ಹೇಳಿದ ಮಾತನ್ನು ನಾನು ಮರೆಯುವುದಿಲ್ಲ.

ಕಡ್ಡಿಯ ಅಮ್ಮ


ಮೇ 26, ಭಾನುವಾರ

ಇವತ್ತು ಕೊನೆಯ ಭಾನುವಾರ. ಕಡ್ಡಿ ಮೆಟ್ಟಿಲ ಮೇಲೆ ಕುಳಿತು ಇಸ್ತ್ರಿಯಾತನ ಜೊತೆ ಹರಟುತ್ತಿದ್ದಾಳೆ, ನೀನು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಎದುರಿಗೆ ನಿಂತರೆ ನಮ್ಮಿಬ್ಬರಿಗೂ ಬಾಯಿ ಬರುವುದಿಲ್ಲ.

ಸಾಮಾನಿನ ಜೊತೆ ಇಡಲು ಎರಡು ಡಬ್ಬಿ ಕಳಿಸುತ್ತಿದ್ದೇನೆ. ಒಂದರಲ್ಲಿ ಹೊಗೆಯ ಮೆಣಸಿನಕಾಯಿ, ಪುಡಿ ಮಾಡಿಲ್ಲ, ಬೇಕಾದಾಗ ಮಾಡಿಕೋ. ಈ ಸಲ ಹಿತ್ತಲ ಗೋಡೆಯಾಚೆ, ಬಡಗಿಯ ಅಂಗಡಿಯ ಹಿಂದೆ ಹಾಕಿದ್ದು, ಕೋಟುಗಳಿಗೆ ಏನೂ ಆಗಿಲ್ಲ. ಇನ್ನೊಂದರಲ್ಲಿ ಸೇಬಿನ ಮರದ ಚಕ್ಕೆ ಇದೆ. ಹೊಸ ಊರಿನಲ್ಲಿ ಒಳ್ಳೆ ಚಕ್ಕೆ ಸಿಗುವವರೆಗೆ ಆಗುತ್ತದೆ. ಒಂದು ಮಾತು. ನಿನ್ನ ಅಳತೆಯಲ್ಲಿ ವಿನೆಗರ್ ಸ್ವಲ್ಪ ಕಡಿಮೆ. ಅರ್ಧ ಲೋಟದ ಮೇಲೆ ಎರಡು ಚಮಚ ಹಾಕು, ಕೊನೆಗೆ, ಇಳಿಸುವ ಮುಂಚೆ. ಸಿಹಿ ನಾಲಿಗೆಗೆ ಅಂಟಿಕೊಳ್ಳದೆ ಮುಂದೆ ಹೋಗುತ್ತದೆ. ನಾನು ಸ್ವಲ್ಪ ಎಂದು ಬರೆದೆನಲ್ಲ, ನೋಡಿದೆಯಾ.

ರಜೆಯ ವಿಷಯ ಮತ್ತೆ ಕೇಳುವುದಿಲ್ಲ. ನೀನು ಮಾತು ಕೊಡದೆ ಇದ್ದದ್ದು ನನಗೆ ಹಿಡಿಸಿತು. ಕೊಟ್ಟು ತಪ್ಪುವವರನ್ನು ಬಹಳ ಕಂಡಿದ್ದೇನೆ, ಒಬ್ಬನನ್ನು ನಾನೇ ಹೆತ್ತಿದ್ದೇನೆ.

ಅವಳು ಇಲ್ಲದ ಭಾನುವಾರ ಏನು ಮಾಡುವುದೋ ತಿಳಿಯುತ್ತಿಲ್ಲ. ಲಾಂಡ್ರಿ ತೆರೆಯಲೇ ಎಂದು ಇಸ್ತ್ರಿಯಾತನನ್ನು ಕೇಳಿದೆ. ಅವನಿಗೆ ಹೆಂಡತಿ ಮಕ್ಕಳಿದ್ದಾರಂತೆ, ಒಲ್ಲೆ ಎಂದ.

ಹೋಗಿ ಬನ್ನಿ. ಕೆಲಸದಲ್ಲಿ ಯಾರಿಗೂ ತಲೆ ತಗ್ಗಿಸಬೇಡ.

ಅಜ್ಜಿ


ಜೂನ್ 22, ಶನಿವಾರ

ಅತ್ತೆ,

ಬಂದು ಇಷ್ಟು ದಿನವಾದರೂ ಬರೆಯಲು ಕೈ ಬಿಡುವಾಗಲಿಲ್ಲ. ಮನೆ ಚಿಕ್ಕದು, ಮೂರನೆಯ ಮಹಡಿ, ನೀರು ಬೆಳಿಗ್ಗೆ ಮಾತ್ರ ಬರುತ್ತದೆ. ಲ್ಯಾಬಿನಲ್ಲಿ ನನಗಿಂತ ದೊಡ್ಡವರು ಇಬ್ಬರು ನನ್ನ ಕೈಕೆಳಗೆ ಇದ್ದಾರೆ. ಮೊದಲ ವಾರ ಮುಖ ಗಂಟಿಕ್ಕಿಕೊಂಡಿದ್ದರು, ಈಗ ಒಬ್ಬರು ನಗುತ್ತಾರೆ. ಇನ್ನೊಬ್ಬರಿಗೆ ಇನ್ನೂ ಸಮಯ ಬೇಕು.

ಭಾನುವಾರ ಸಾಸ್ ಮಾಡಿದೆವು. ವಿನೆಗರ್ ನೀವು ಹೇಳಿದ ಹಾಗೆ ಕೊನೆಗೆ ಹಾಕಿದೆ. ನ್ಯಾಯವಾಗಿ ಹೇಳಬೇಕೆಂದರೆ ನಿಮ್ಮ ಮಾತು ಸರಿ. ಪಕ್ಕದ ಮನೆಯವರು ಗೋಡೆಯಾಚೆಯಿಂದ, “ಏನೋ ಸುಡ್ತಿದೆ ನೋಡ್ರೀ” ಎಂದು ಕೂಗಿದರು. ಒಂದು ಬಟ್ಟಲು ಕೊಟ್ಟ ಮೇಲೆ ಸುಮ್ಮನಾದರು.

ಕಡ್ಡಿ ರಾತ್ರಿ ಮಲಗುವಾಗ ನಿಮ್ಮ ವಿಷಯ ತೆಗೆಯುತ್ತಾಳೆ. ರಜೆಗೆ ಕಳಿಸಬಾರದು ಎನ್ನಲು ನಾನು ಕಾರಣ ಹುಡುಕಿದೆ, ನಿಜ ಹೇಳುತ್ತಿದ್ದೇನೆ, ಬಹಳ ಹುಡುಕಿದೆ. ದೂರ ಎಂದುಕೊಂಡೆ, ಅವಳು ಚಿಕ್ಕವಳು ಎಂದುಕೊಂಡೆ, ನಿಮ್ಮ ಮಗ ಆ ಹೊತ್ತಿಗೆ ಬಂದುಬಿಟ್ಟರೆ ಎಂದುಕೊಂಡೆ. ಯಾವುದೂ ಬೆಳಗಿನವರೆಗೆ ನಿಲ್ಲಲಿಲ್ಲ.

ಸೋಮವಾರ ಅವಳನ್ನು ಹೊಸ ಶಾಲೆಗೆ ಸೇರಿಸಲು ಹೋಗಿದ್ದೆ. ದೊಡ್ಡ ಮೇಡಂ ಎಲ್ಲ ವಿಚಾರಿಸಿ, ಕೊನೆಗೆ ಒಂದು ಪ್ರಶ್ನೆ ಕೇಳಿದರು, “ಯಾವತ್ತಾದ್ರೂ ನೀವು ಬರೋಕಾಗದಿದ್ರೆ ಮಗೂನ ಯಾರ ಕೈಗೆ ಕೊಡಬೇಕು?” ಇಲ್ಲಿ ನನಗೆ ಗೊತ್ತಿರುವವರು ಲ್ಯಾಬಿನವರು, ಪಕ್ಕದ ಮನೆಯವರು. ಅವರಲ್ಲಿ ಯಾರ ಹೆಸರಾದರೂ ಹೇಳಬಹುದಿತ್ತು.

“ಇವಳ ಅಜ್ಜಿ ಕೈಗೆ” ಎಂದೆ. ಎಲ್ಲಿರುತ್ತಾರೆ ಎಂದರು. ಊರಿನ ಹೆಸರು ಹೇಳಿದೆ.

“ಅಷ್ಟು ದೂರದಿಂದ ಅವರು ಬರೋಷ್ಟರಲ್ಲಿ ರಾತ್ರಿ ಆಗತ್ತಲ್ಲ?” ಎಂದರು.

“ಆಗಲಿ. ಬೇರೆ ಯಾರ ಕೈಗೂ ಕೊಡಬೇಡಿ” ಎಂದೆ.

ನಿಮ್ಮ ಸೊಸೆ